ಭಟ್ಟರ ಕೈ, ಧಣಿಯ ಕಾಗದ

ಹಳೆಯ ಹೋಟೆಲುಗಳ ಅಡುಗೆಮನೆಯಲ್ಲಿ ಸಾಂಬಾರು ಪುಡಿಗೆ ಹುರಿಯುವ ಹೊತ್ತಿಗೆ ಮುಖ್ಯ ಭಟ್ಟರು ಉಳಿದವರಿಗೆ ಬೇರೆ ಬೇರೆ ಕೆಲಸ ಹಚ್ಚಿಬಿಡುತ್ತಿದ್ದರು. ಒಬ್ಬ ಕಾಯಿ ತುರಿಯಲಿ, ಇನ್ನೊಬ್ಬ ಈರುಳ್ಳಿ ಹೆಚ್ಚಲಿ. ಕೊತ್ತಂಬರಿ, ಮೆಂತ್ಯ, ಮೆಣಸಿನಕಾಯಿಯ ಲೆಕ್ಕ ಮಾತ್ರ ತಮ್ಮೊಬ್ಬರ ಕೈಯಲ್ಲಿ. ಆಗ ಗುಟ್ಟು ಭಟ್ಟರದು. ಗಲ್ಲಾದ ಮೇಲೆ ಕೂತ ಧಣಿಗೂ ಅದರ ಪೂರ್ತಿ ಸುಳಿವಿರುತ್ತಿರಲಿಲ್ಲ. ಭಟ್ಟರು ಮುನಿಸಿಕೊಂಡು ಊರಿನ ಬಸ್ಸು ಹತ್ತಿದರೆ ಮಾರನೆಯ ದಿನದ ಗಿರಾಕಿಗೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತಿತ್ತು. ಈಗ ಆ ಗುಟ್ಟು ತನ್ನದಾಗಬೇಕು ಎಂದು ಧಣಿ ಬಯಸುತ್ತಾನೆ. ಕೆಲಸಕ್ಕೆ ಸೇರುವವರ ಮುಂದೆ ಬಾಂಡ್ ಪೇಪರು ಚಾಚುತ್ತಾನೆ: ಇಲ್ಲಿ ಕಲಿತದ್ದನ್ನು ಹೊರಗೆ ಹೇಳುವುದಿಲ್ಲ, ಇಷ್ಟು ವರ್ಷ ಇಂಥದೇ ಹೋಟೆಲು ಇಡುವುದಿಲ್ಲ, ತಪ್ಪಿದರೆ ಇಷ್ಟು ಲಕ್ಷ ದಂಡ.

ಧಣಿಯ ಭಯ ಸುಳ್ಳಲ್ಲ. ಎರಡು ವರ್ಷ ಕೈ ಸುಟ್ಟುಕೊಂಡು ಹದಕ್ಕೆ ತಂದ ಚಟ್ನಿಯನ್ನು ಆರು ತಿಂಗಳು ಕೆಲಸ ಮಾಡಿದವನೊಬ್ಬ ಎದುರು ರಸ್ತೆಯಲ್ಲಿ ಐದು ರೂಪಾಯಿ ಕಡಿಮೆಗೆ ಮಾರತೊಡಗಿದರೆ ಯಾರ ಹೊಟ್ಟೆಯಾದರೂ ಉರಿಯುತ್ತದೆ. ಅವನ ನೆರವಿಗೆ ಬೇರೆ ಕಾನೂನೂ ಇಲ್ಲ. ಇಷ್ಟು ಉದ್ದು, ಇಷ್ಟು ಅಕ್ಕಿ ಎಂಬ ಪಟ್ಟಿಗೆ ಕೃತಿಸ್ವಾಮ್ಯ ಸಿಗುವುದಿಲ್ಲ, ಹೊಸ ದೋಸೆಗೆ ಪೇಟೆಂಟ್ ಸಿಗುವ ಮಾತು ದೂರವೇ ಉಳಿಯಿತು. ಟ್ರೇಡ್‌ಮಾರ್ಕ್ ಕಾಯುವುದು ಬೋರ್ಡನ್ನು, ಬಾಣಲೆಯನ್ನಲ್ಲ. ಕೊನೆಗೆ ಉಳಿಯುವುದು ಗುಟ್ಟು, ಗುಟ್ಟಿಗೆ ಬೇಲಿಯಾಗಿ ಗೌಪ್ಯತಾ ಒಪ್ಪಂದ. ಆ ಬೇಲಿ ಬೇಡವೆಂದು ನಾನು ಹೇಳುತ್ತಿಲ್ಲ. ಹಾಕಬಾರದ ಕಡೆ ಹಾಕಿದ್ದಾರೆ ಎನ್ನುವುದಷ್ಟೇ ನನ್ನ ತಕರಾರು.

ಹೋಟೆಲಿನಲ್ಲಿ ಗುಟ್ಟು ಎಂದು ಕರೆಯಬಹುದಾದದ್ದು ನಿಜಕ್ಕೂ ಏನಿದೆ? ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 39ನೇ ವಿಧಿ ಮೂರು ಲಕ್ಷಣ ಹೇಳುತ್ತದೆ: ಆ ವಿಷಯ ಆ ಕಸುಬಿನವರಿಗೆ ಸಾಮಾನ್ಯವಾಗಿ ತಿಳಿದಿರಬಾರದು, ಗುಟ್ಟಾಗಿರುವುದರಿಂದಲೇ ಅದಕ್ಕೆ ವ್ಯಾಪಾರದ ಬೆಲೆ ಬಂದಿರಬೇಕು, ಅದನ್ನು ಕಾಪಾಡಲು ಒಡೆಯ ತಕ್ಕ ಎಚ್ಚರಿಕೆ ವಹಿಸಿರಬೇಕು. ಮಸಾಲೆಯ ತೂಕ, ಕಾಫಿಪುಡಿಯ ಮಿಶ್ರಣ, ಯಾವ ಮಂಡಿಯಿಂದ ಯಾವ ದರಕ್ಕೆ ಬೇಳೆ ಬರುತ್ತದೆ, ಒಂದು ಪ್ಲೇಟಿಗೆ ತಗಲುವ ಖರ್ಚು, ಇವು ಈ ಜರಡಿಯಲ್ಲಿ ನಿಲ್ಲುತ್ತವೆ. ಕಾವಲಿಗೆ ನೀರು ಚಿಮುಕಿಸಿ ಅದರ ಸದ್ದಿನಿಂದಲೇ ಕಾವು ಅಳೆಯುವುದು, ಚಳಿಗಾಲದಲ್ಲಿ ಹಿಟ್ಟು ಹುದುಗಲು ಎಷ್ಟು ಹೊತ್ತು ಬೇಕೆಂದು ಮೂಗಿನಿಂದ ತಿಳಿಯುವುದು ನಿಲ್ಲುವುದಿಲ್ಲ. ಅದು ಕೈಗುಣ. ಅದನ್ನು ಬಿಟ್ಟುಹೋಗು ಎನ್ನುವುದೆಂದರೆ ಕೈಯನ್ನೇ ಬಿಟ್ಟುಹೋಗು ಎಂದ ಹಾಗೆ.

ನಮ್ಮ ಕಾನೂನಿಗೆ ಈ ವ್ಯತ್ಯಾಸ ಹೊಸದಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಒಬ್ಬನು ನ್ಯಾಯವಾದ ಕಸುಬು ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ವ್ಯಾಪಾರವನ್ನೇ ಅದರ ಹೆಸರಿನ ಸಮೇತ ಮಾರಿದವನಿಗೆ ಮಾತ್ರ ಇದರಲ್ಲಿ ವಿನಾಯಿತಿ ಉಂಟು. ಕೆಲಸದ ಅವಧಿಯೊಳಗಿನ ನಿರ್ಬಂಧವನ್ನು ಸುಪ್ರೀಂ ಕೋರ್ಟು 1967ರಲ್ಲಿ ಗೋಲಿಕರಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅದು ಟೈರ್ ದಾರದ ಕಾರ್ಖಾನೆಯ ತಂಟೆ, ಅಡುಗೆಮನೆಯದಲ್ಲ, ಆದರೆ ತತ್ತ್ವ ಅದೇ. ಕೆಲಸ ಬಿಟ್ಟ ಮೇಲೂ ದುಡಿಯದಂತೆ ಕಟ್ಟಿಹಾಕುವ ಷರತ್ತಿಗೆ ಮಾತ್ರ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿಲ್ಲ. ಅಂದಮೇಲೆ ಬಾಂಡ್ ಪೇಪರಿನ ‘ಮೂರು ವರ್ಷ ಹೋಟೆಲು ಇಡಕೂಡದು’ ಎಂಬ ಸಾಲು ಬಹುಮಟ್ಟಿಗೆ ಬೆದರುಬೊಂಬೆ. ಬೊಂಬೆಯೆಂದು ಧಣಿಯ ವಕೀಲನಿಗೆ ಗೊತ್ತು, ಸಹಿ ಹಾಕಿದ ಹುಡುಗನಿಗೆ ಗೊತ್ತಿಲ್ಲ. ಕಾಗದ ಇಂಗ್ಲಿಷಿನಲ್ಲಿರುತ್ತದೆ, ಹುಡುಗ ಏಳನೇ ಕ್ಲಾಸಿಗೆ ಬಿಟ್ಟವನು. ಕೋರ್ಟಿನಲ್ಲಿ ನಿಲ್ಲದ ಕರಾರೂ ಹೆದರಿಸುವುದಕ್ಕೆ ಸಾಕಾಗುತ್ತದೆ. ಅದರ ಉಪಯೋಗವೇ ಅಷ್ಟು ಎಂದು ನನ್ನ ಅನುಮಾನ.

ಈ ಹೆದರಿಕೆ ನೂರು ವರ್ಷ ಮೊದಲೇ ಹುಟ್ಟಿದ್ದರೆ ಉಡುಪಿ ಹೋಟೆಲು ಎಂಬ ಮಾತು ಉಡುಪಿಯನ್ನು ದಾಟುತ್ತಿರಲಿಲ್ಲ. ಕರಾವಳಿಯ ಹುಡುಗರು ಮುಂಬಯಿಗೂ ಮದರಾಸಿಗೂ ಹೋಗಿ, ಲೋಟ ತೊಳೆಯುವ ಕ್ಲೀನರುಗಳಾಗಿ, ಆಮೇಲೆ ಸಪ್ಲೈಯರುಗಳಾಗಿ, ಕಾವಲಿಯ ಮುಂದೆ ನಿಂತು, ಕಡೆಗೆ ಸಾಲ ಮಾಡಿ ತಮ್ಮದೇ ಹೋಟೆಲು ಇಟ್ಟರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಹತ್ತಿದ್ದೂ ಅಡುಗೆಮನೆಯ ಕೆಳಗಿನ ಮೆಟ್ಟಿಲಿನಿಂದಲೇ. ಒಂದು ಹೋಟೆಲಿನ ಅಡುಗೆಮನೆ ಇನ್ನೊಂದರ ಪಾಠಶಾಲೆಯಾಗಿತ್ತು, ಫೀಸು ಎಂದರೆ ದುಡಿಮೆ. ಮಾವಳ್ಳಿಯ ಎಂಟಿಆರ್ ಎರಡನೇ ಮಹಾಯುದ್ಧದ ಅಕ್ಕಿಯ ಬರದಲ್ಲಿ ರವೆ ಇಡ್ಲಿ ಮಾಡಿತು ಎಂದು ಹೇಳಿಕೊಳ್ಳುತ್ತದೆ. ಇವತ್ತು ಅದು ಎಲ್ಲ ಹೋಟೆಲುಗಳಲ್ಲೂ ಸಿಗುತ್ತದೆ. ಎಂಟಿಆರ್ ಮುಂದಿನ ಸಾಲು ಮಾತ್ರ ಕರಗಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಆರ್. ಪ್ರಭಾಕರ್ ನಿಂತು ತಿನ್ನುವ ಹೋಟೆಲಿನ ನಕ್ಷೆಯನ್ನು ಬಚ್ಚಿಡಲಿಲ್ಲ. ಹೊಸಬರಿಗೆ ದರ್ಶಿನಿ ಹೂಡಿಕೊಡುವುದೇ ಅವರ ಇನ್ನೊಂದು ಕಸುಬಾಯಿತು.

ಹಾಗಾದರೆ ಗುಟ್ಟು ಉಳಿಸಿಕೊಂಡವರು ಹೇಗೆ ಉಳಿಸಿಕೊಂಡರು? ಕೆಎಫ್‌ಸಿಯ ಹನ್ನೊಂದು ಮಸಾಲೆಗಳ ಮಿಶ್ರಣದಲ್ಲಿ ಒಂದು ಭಾಗವನ್ನು ಒಂದು ಕಂಪನಿಯೂ ಇನ್ನೊಂದನ್ನು ಬೇರೆ ಕಂಪನಿಯೂ ತಯಾರಿಸುತ್ತವೆ. ಇಡೀ ಲೆಕ್ಕ ಎರಡಕ್ಕೂ ಗೊತ್ತಿಲ್ಲ. ಕೋಳಿ ಕರಿಯುವ ಹುಡುಗನ ಬಾಯಿಗೆ ಬೀಗ ಹಾಕುವ ಅಗತ್ಯವೇ ಬೀಳದು, ಏಕೆಂದರೆ ಅವನಿಗೆ ಬರುವುದು ಪೊಟ್ಟಣ. ಕೋಕಾಕೋಲಾದ ಹಟ ನಮ್ಮ ದೇಶಕ್ಕೇ ಗೊತ್ತು. 1977ರಲ್ಲಿ ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿದೇಶಿ ಪಾಲನ್ನು ಶೇಕಡ 40ಕ್ಕೆ ಇಳಿಸಬೇಕು, ಸೂತ್ರವೂ ಭಾರತೀಯ ಕಂಪನಿಯ ಕೈಗೆ ಬರಬೇಕು ಎಂದಾಗ ಕಂಪನಿ ಗಂಟುಮೂಟೆ ಕಟ್ಟಿತು, ಮರಳಿದ್ದು 1993ರಲ್ಲಿ. ಇಂಥವರ ಗುಟ್ಟು ಮೊದಲು ನಿಂತಿರುವುದು ತಿಳಿವಳಿಕೆಯನ್ನು ಹಂಚಿಡುವ ಏರ್ಪಾಡಿನ ಮೇಲೆ, ಸಹಿಯ ಮಾತು ಆಮೇಲೆ. ಐದು ಶಾಖೆಯ ನಮ್ಮ ಹೋಟೆಲಿಗೂ ಇದು ಸಾಧ್ಯ: ಪುಡಿಗಳು ಒಂದೇ ಕಡೆ ತಯಾರಾಗಲಿ, ಶಾಖೆಗೆ ಚೀಲ ಹೋಗಲಿ.

ಕಾಗದಕ್ಕೆ ನಿಜವಾದ ಕೆಲಸ ಇರುವುದೂ ಇಲ್ಲೇ. ನಮ್ಮ ಲೆಕ್ಕದಂತೆ ಪುಡಿ ಮಾಡಿಕೊಡುವ ಮಿಲ್ಲಿನವನ ಬಳಿ ಯಂತ್ರವಿದೆ, ಬಂಡವಾಳವಿದೆ, ನಾಳೆ ಅದೇ ಪುಡಿಯನ್ನು ಇನ್ನೊಬ್ಬನಿಗೆ ಮಾರುವ ದಾರಿಯೂ ಇದೆ. ಫ್ರಾಂಚೈಸಿ ತೆಗೆದುಕೊಳ್ಳುವವನಿಗೆ ಇಡೀ ನಡಾವಳಿಯ ಪುಸ್ತಕ ಕೊಡಬೇಕಾಗುತ್ತದೆ. ಹಣ ಹೂಡುತ್ತೇನೆಂದು ಬಂದವನು ಖರ್ಚಿನ ತಾಳೆಪಟ್ಟಿ ಕೇಳುತ್ತಾನೆ. ಇವರ ಸಹಿ ಇಲ್ಲದೆ ಹಾಳೆ ಬಿಚ್ಚುವ ಧಣಿ ದಡ್ಡ. ಇವರು ವಕೀಲರನ್ನು ಇಟ್ಟುಕೊಂಡವರು, ಚೌಕಾಸಿ ಮಾಡಬಲ್ಲವರು, ಓದಿಯೇ ಸಹಿ ಹಾಕುವವರು. ಯಾವುದು ಗುಟ್ಟು, ಎಷ್ಟು ವರ್ಷ, ಯಾವ ಹಾಳೆ ಎಂದು ಬಿಡಿಸಿ ಬರೆದ ಅಂಥ ಕರಾರು ನಾಳೆ ನ್ಯಾಯಾಲಯದಲ್ಲಿ ‘ತಕ್ಕ ಎಚ್ಚರಿಕೆ’ಗೆ ಸಾಕ್ಷಿಯೂ ಆಗುತ್ತದೆ. ವ್ಯಾಪಾರದ ಗುಟ್ಟಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಬೇಕೆಂದು ಕಾನೂನು ಆಯೋಗ 2024ರ ಮಾರ್ಚಿನ ತನ್ನ 289ನೇ ವರದಿಯಲ್ಲಿ ಕರಡು ಸಮೇತ ಶಿಫಾರಸು ಮಾಡಿತು. ಅಂಥದೊಂದು ಬಂದರೆ ಒಳ್ಳೆಯದೇ, ಕೈಗುಣ ಬೇರೆ ಗುಟ್ಟು ಬೇರೆ ಎಂಬ ಗೆರೆ ಅದರಲ್ಲಿ ಅಳಿಸದಿದ್ದರೆ.

ಅಡುಗೆಯವರಿಗೆ ತಮ್ಮದೇ ನಿಯಮಗಳೂ ಇವೆ. ಫ್ರಾನ್ಸಿನ ಹೆಸರಾಂತ ಬಾಣಸಿಗರ ಬಗ್ಗೆ ಎಮ್ಯಾನುಯೆಲ್ ಫೋಶಾರ್ ಮತ್ತು ಎರಿಕ್ ವಾನ್ ಹಿಪ್ಪೆಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಮೂರನ್ನು ಗುರುತಿಸಿತು: ಇನ್ನೊಬ್ಬನ ಅಡುಗೆಯನ್ನು ಇದ್ದ ಹಾಗೆಯೇ ನಕಲು ಮಾಡಬಾರದು, ನಂಬಿ ಹೇಳಿದ ಗುಟ್ಟನ್ನು ಮೂರನೆಯವನಿಗೆ ದಾಟಿಸಬಾರದು, ಕಂಡುಹಿಡಿದವನ ಹೆಸರು ಹೇಳಬೇಕು. ತಪ್ಪಿದವನಿಗೆ ಜೊತೆಯವರು ಮತ್ತೆ ಏನನ್ನೂ ಹೇಳಿಕೊಡುವುದಿಲ್ಲ. ಮೂರನೆಯ ನಿಯಮ ಚಿಕ್ಕದೆನ್ನಬೇಡಿ. 2024ರ ಜನವರಿಯಲ್ಲಿ ಸುದ್ದಿಯಾದ ದೆಹಲಿ ಹೈಕೋರ್ಟಿನ ಬಟರ್ ಚಿಕನ್ ವ್ಯಾಜ್ಯದಲ್ಲಿ ಮೋತಿ ಮಹಲ್‌ನವರು ದರಿಯಾಗಂಜ್ ಹೋಟೆಲಿನವರ ವಿರುದ್ಧ ಸಲ್ಲಿಸಿದ್ದು 2,752 ಪುಟ. ಅದರ ಪಾಕ ಎಲ್ಲ ಬೀದಿಗೂ ಗೊತ್ತು. ಜಗಳ ಯಾರ ಅಜ್ಜ ಮೊದಲು ಮಾಡಿದ ಎಂಬುದಕ್ಕೆ.

ಅದಕ್ಕೇ ಭಟ್ಟರ ಮುಂದಿನ ಕಾಗದದಲ್ಲಿ ನನಗೆ ಮೊದಲು ಕಾಣುವುದು ಅಲ್ಲಿ ಇಲ್ಲದ ಸಾಲು. ಹೋಗುವಾಗ ಏನನ್ನು ಒಯ್ಯಬಾರದೆಂದು ನಾಲ್ಕು ಪುಟ ಬರೆದಿರುತ್ತದೆ. ಬರುವಾಗ ಏನು ತಂದರು ಎಂಬುದಕ್ಕೆ ಒಂದು ಗೆರೆಯೂ ಇಲ್ಲ. ಅಮ್ಮ ಕಲಿಸಿದ ಮೆಣಸಿನ ಸಾರು, ಹಿಂದಿನ ಹೋಟೆಲಿನಲ್ಲಿ ಒಗ್ಗಿದ ಸಾಗು, ತಾವೇ ತಿದ್ದಿಕೊಂಡ ಕುರ್ಮಾ ಎಲ್ಲವೂ ಸಹಿಯ ದಿನದಿಂದ ಹೋಟೆಲಿನ ಗುಟ್ಟಾಗಿಬಿಡುತ್ತವೆ. ಆ ಪಟ್ಟಿಯನ್ನೂ ಬರೆಯೋಣ ಎಂದು ಭಟ್ಟರು ಒಮ್ಮೆ ಪೆನ್ನು ಕೇಳಲಿ, ಧಣಿ ಏನನ್ನುತ್ತಾನೋ ನೋಡಬೇಕು.