ಎರಡು ಸ್ಕ್ರೂ ತಿರುಗಿಸಲಿಕ್ಕೂ ಇಂಗ್ಲಿಷೇ ಬೇಕೆ?

ಕನ್ನಡಿಗರೇ, ಇದು ನಾಮಫಲಕದ ಜಗಳವಲ್ಲ. ಒಂದು ಹಳೇ ಸೈಕಲ್ಲಿನ ಕಥೆ. ಸೈಕಲ್ಲಿಗೂ ಭಾಷೆಗೂ ಏನು ಸಂಬಂಧ ಎಂದು ನಗಬೇಡಿ. ಪೂರ್ತಿ ಓದಿ, ಆಮೇಲೆ ನಗಿ!

ನನ್ನ ತಂಗಿಯ ಮಗ ಪಿಯುಸಿ ಓದುವ ಹುಡುಗ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಯೊಬ್ಬನಿಂದ ಒಂದು ಗೇರ್ ಸೈಕಲ್ ಕೊಂಡ. ಮುಂದೆ ಪೆಡಲಿನ ಬಳಿ ಮೂರು ಚೈನ್‌ವೀಲ್, ಹಿಂದೆ ಏಳು ಹಲ್ಲುಚಕ್ರ. ಉಡುಪಿಯಿಂದ ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಮುಂದಿನ ಗೇರನ್ನು ಸಣ್ಣದಕ್ಕೆ ಇಳಿಸಿದ. ಚೈನು ಸಣ್ಣ ಚಕ್ರದ ಮೇಲೆ ಕೂರಲಿಲ್ಲ, ಅದನ್ನೂ ದಾಟಿ ಫ್ರೇಮಿನ ಬದಿಗೆ ಬಿತ್ತು. ಪೆಡಲು ಖಾಲಿ ತಿರುಗಿತು, ಹುಡುಗ ರಸ್ತೆಗೆ ಬಿದ್ದ. ಹಿಂದಿದ್ದ ಬಸ್ಸಿನ ಚಾಲಕ ಸಕಾಲಕ್ಕೆ ಬ್ರೇಕ್ ಹಾಕಿದ ಪುಣ್ಯಕ್ಕೆ ನಾನಿಂದು ಈ ಲೇಖನ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಶ್ರದ್ಧಾಂಜಲಿ ಬರೆಯಬೇಕಿತ್ತು!

ಪೇಟೆಯ ಒಂದು ಅಂಗಡಿಗೆ ಒಯ್ದೆವು. "ಇದು ಫಾರಿನ್ ಐಟಂ. ರಿಪೇರಿ ಇಲ್ಲ, ಸೆಟ್ಟೇ ಬದಲಿಸಬೇಕು, ಎರಡು ಸಾವಿರ" ಎಂದರು. ಸೈಕಲ್ಲಿನ ಜೊತೆ ಬಂದಿದ್ದ ಪುಸ್ತಕ ತೆರೆದು ನೋಡಿದೆವು. ಇಂಗ್ಲಿಷ್ ಇತ್ತು, ಹಿಂದಿ ಇತ್ತು. ಕನ್ನಡ? ಒಂದಕ್ಷರವೂ ಇಲ್ಲ!

ಕೊನೆಗೆ ಕಾಪುವಿನಲ್ಲಿ ರಸ್ತೆಬದಿಯ ಹಿರಿಯ ರಿಪೇರಿಗಾರರೊಬ್ಬರು ನೋಡಿದರು. "ಎಂತ ಸೆಟ್ ಬದಲಿಸುವುದು ಮಾರಾಯ್ರೆ! ಎರಡು ಸ್ಕ್ರೂ ತಿರುಗಿಸಿದ್ರೆ ಆಯ್ತು" ಎಂದರು. ಹತ್ತು ನಿಮಿಷ, ಐವತ್ತು ರೂಪಾಯಿ. ಎಲ್ಲಿ ಕಲಿತಿರಿ ಎಂದು ಕೇಳಿದೆ. "ಹತ್ತು ಗಾಡಿ ಹಾಳು ಮಾಡಿ ಕಲಿತದ್ದು. ಪುಸ್ತಕ ಉಂಟು, ನನಗೆ ಓದ್ಲಿಕ್ಕೆ ಬರುವ ಭಾಷೆಯಲ್ಲಿ ಇಲ್ಲ."

ಈ ಮಾತು ನಮ್ಮೆಲ್ಲರ ಕೆನ್ನೆಗೆ ಬಿದ್ದ ಏಟು! ಅವರ ಮನೆಮಾತು ತುಳು. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಏನೇ ಇರಲಿ, ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡದ್ದು. ಆ ಅಕ್ಷರದಲ್ಲಿ ಬದುಕಿಗೆ ಬೇಕಾದ ವಿದ್ಯೆ ಸಿಗದಿದ್ದರೆ ಆ ಅಕ್ಷರ ಕಲಿಸಿದ್ದು ಯಾವ ಪುರುಷಾರ್ಥಕ್ಕೆ?

ಕಾನೂನಿನ ಕಣ್ಣುಮುಚ್ಚಾಲೆ

ಪೊಟ್ಟಣದ ಸರಕುಗಳಿಗೆಂದು ಕೇಂದ್ರ ಸರ್ಕಾರ 2011ರಲ್ಲಿ ತಂದ ನಿಯಮ ಏನು ಹೇಳುತ್ತದೆ ಗೊತ್ತೆ? ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದು. ಅಂದರೆ ಕನ್ನಡ 'ಬೇಕಾದರೆ'! ದುಡ್ಡು ಕೊಡುವಾಗ ಮಾತ್ರ ನಾವು ಬೇಕೇ ಬೇಕು!

ನಮ್ಮ ರಾಜ್ಯ 'ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022' ತಂದಿತು. ಸ್ವಾಗತ. ಉತ್ಪನ್ನದ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎಂದಿತು. ಆದರೆ ಯಾವ ಉತ್ಪನ್ನ? ರಾಜ್ಯದೊಳಗೆ ತಯಾರಾದದ್ದು! ಸೈಕಲ್ ತಯಾರಾಗುವುದು ಹೆಚ್ಚಾಗಿ ಲುಧಿಯಾನದಲ್ಲಿ, ಚೆನ್ನೈಯಲ್ಲಿ. ಗೇರು ಬರುವುದು ಇನ್ನೂ ದೂರದಿಂದ. ಕಾರ್ಕಳದ ಅಂಗಡಿಯಲ್ಲಿ ಮಾರಾಟವಾಗುವ ಸೈಕಲ್ಲಿಗೆ ಆ ಕಾನೂನು ತಾಗುವುದೇ ಇಲ್ಲ!

ಫ್ರಾನ್ಸ್ ನೋಡಿ. 1994ರ ಆಗಸ್ಟ್ 4ರ ಟೂಬೋನ್ ಕಾಯ್ದೆಯ ಪ್ರಕಾರ ಅಲ್ಲಿ ಮಾರುವ ಸರಕಿನ ಬಳಕೆಯ ಕೈಪಿಡಿ ಫ್ರೆಂಚಿನಲ್ಲಿ ಇರಲೇಬೇಕು. ಎಲ್ಲಿ ತಯಾರಾಯಿತು ಎಂಬುದು ಪ್ರಶ್ನೆಯಲ್ಲ, ಎಲ್ಲಿ ಮಾರಾಟವಾಗುತ್ತದೆ ಎಂಬುದು ಪ್ರಶ್ನೆ. ಇದಪ್ಪಾ ಸ್ವಾಭಿಮಾನ!

"ಡಿರೇಲರ್‌ಗೆ ಕನ್ನಡದಲ್ಲಿ ಪದ ಎಲ್ಲಿದೆ?" ಎಂದು ಮೂಗು ಮುರಿಯುವ ಪಂಡಿತರೇ, ಆ ಪದ ಇಂಗ್ಲಿಷಿನದೂ ಅಲ್ಲ, ಫ್ರೆಂಚಿನದು! ಹಳಿ ತಪ್ಪಿಸುವುದು ಎಂದು ಅದರ ಅರ್ಥ. ಇಂಗ್ಲಿಷಿನವರು ನಾಚಿಕೆಯಿಲ್ಲದೆ ಸಾಲ ತಂದರು. ಚೈನು, ಪೆಡಲು, ಬ್ರೇಕು ನಮ್ಮ ಅಂಗಡಿಗಳಲ್ಲಿ ಎಂದೋ ಕನ್ನಡವಾಗಿವೆ. 'ದಂತಚಕ್ರ ಸ್ಥಾನಾಂತರಕ' ಎಂದು ಯಾರೂ ಹೇಳಬೇಕಾಗಿಲ್ಲ. ಇದೇ ಜಿಲ್ಲೆಯ ಕೋಟದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ಇದೇ ಮಣಿಪಾಲದಿಂದ 1970ರಿಂದ ಕನ್ನಡದ ದಿನಪತ್ರಿಕೆ ಅಚ್ಚಾಗಿ ಬರುತ್ತಿದೆ. ಇಂಥ ಊರಲ್ಲಿ ಸೈಕಲ್ ಗೇರಿನ ಬಗ್ಗೆ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಲು ಆಗದೆ?

ಆಗುತ್ತದೆ. ಇಗೋ, ಕನ್ನಡದಲ್ಲಿ!

ಮುಂದಿನ ಗೇರೆಂದರೆ ಎರಡು ತಗಡುಗಳ ಒಂದು ಗೂಡು. ಚೈನು ಅದರ ನಡುವೆ ಹಾದುಹೋಗುತ್ತದೆ. ಗೂಡು ಒಳಕ್ಕೆ, ಹೊರಕ್ಕೆ ಸರಿದು ಚೈನನ್ನು ತಳ್ಳುತ್ತದೆ. ಅದರ ಮೇಲಿನ ಎರಡು ಸ್ಕ್ರೂಗಳು ಅದಕ್ಕೆ ಹಾಕಿದ ಬೇಲಿ. 'ಎಲ್' ಗುರುತಿನದು ಒಳಬೇಲಿ, 'ಹೆಚ್' ಗುರುತಿನದು ಹೊರಬೇಲಿ. ಬಿಗಿ ಮಾಡಿದಷ್ಟೂ ಗೂಡಿನ ಓಡಾಟ ಕಡಿಮೆ.

1. ಮೊದಲು ಗೇರಿನ ವೈರು ನೋಡಿ. ಕಾಪು, ಮಲ್ಪೆಯ ಉಪ್ಪುಗಾಳಿಗೆ, ನಮ್ಮ ಮಳೆಗಾಲಕ್ಕೆ ಅದು ತುಕ್ಕು ಹಿಡಿದಿರುತ್ತದೆ. ಹಿಡಿದಿದ್ದರೆ ಬದಲಿಸಿ. ಗೂಡು ಬಗ್ಗಿದ್ದರೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ.

2. ಗೂಡಿನ ಹೊರತಗಡು ದೊಡ್ಡ ಚೈನ್‌ವೀಲಿನ ಹಲ್ಲಿಗಿಂತ 1ರಿಂದ 3 ಮಿಲಿಮೀಟರ್ ಮೇಲಿರಬೇಕು, ಚಕ್ರಕ್ಕೆ ನೇರ ಸಮಾನಾಂತರ ಇರಬೇಕು.

3. ವೈರು ಸಡಿಲಿಸಿ. ಚೈನನ್ನು ಮುಂದೆ ಅತಿ ಸಣ್ಣದಕ್ಕೆ, ಹಿಂದೆ ಅತಿ ದೊಡ್ಡದಕ್ಕೆ ಹಾಕಿ. ಒಳತಗಡಿಗೂ ಚೈನಿಗೂ ಅರ್ಧ ಮಿಲಿಮೀಟರಿನಷ್ಟು ಸಂದು ಉಳಿಯುವಂತೆ 'ಎಲ್' ತಿರುಗಿಸಿ. ಚೈನು ಫ್ರೇಮಿನ ಕಡೆ ಬೀಳುತ್ತಿದ್ದರೆ ಇದನ್ನೇ ಬಿಗಿ ಮಾಡಬೇಕು. ನಮ್ಮ ಹುಡುಗನನ್ನು ಬೀಳಿಸಿದ್ದು ಈ ಸ್ಕ್ರೂ!

4. ವೈರನ್ನು ಎಳೆದು ಹಿಡಿದು ಬಿಗಿ ಮಾಡಿ. ಈಗ ಮುಂದೆ ಅತಿ ದೊಡ್ಡದು, ಹಿಂದೆ ಅತಿ ಸಣ್ಣದು. ಹೊರತಗಡಿಗೂ ಅಷ್ಟೇ ಸಂದು ಬರುವಂತೆ 'ಹೆಚ್' ತಿರುಗಿಸಿ. ಚೈನು ಪೆಡಲಿನ ಕಡೆ ಹಾರುತ್ತಿದ್ದರೆ ಇದನ್ನು ಬಿಗಿ ಮಾಡಿ.

5. ಇಷ್ಟಾದರೂ ಚೈನು ದೊಡ್ಡದಕ್ಕೆ ಹತ್ತದಿದ್ದರೆ ವೈರು ಸಡಿಲ, ಸಣ್ಣದಕ್ಕೆ ಇಳಿಯದಿದ್ದರೆ ವೈರು ಅತಿ ಬಿಗಿ. ಹ್ಯಾಂಡಲಿನ ಬಳಿ ವೈರು ಒಳಹೋಗುವ ಕಡೆ ಕೈಯಲ್ಲೇ ತಿರುಗುವ ತಿರುಪು ಇದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ ಸರಿಮಾಡಿ.

ಮುಗಿಯಿತು! ಇನ್ನು ಕಾಪುವಿನ ಸಪಾಟು ಹೆದ್ದಾರಿಗೆ ದೊಡ್ಡ ಚಕ್ರ, ಮಣಿಪಾಲ, ಕಾರ್ಕಳದ ಏರುಗಳಿಗೆ ಸಣ್ಣ ಚಕ್ರ. ಇಷ್ಟು ಹೇಳಲು ಕನ್ನಡಕ್ಕೆ ಏನು ಕೊರತೆಯಾಯಿತು? ಎಲ್ಲಿ ಎಡವಿತು?

ತಪ್ಪು ನಮ್ಮದೂ ಹೌದು

1982ರಲ್ಲಿ ಗೋಕಾಕ್ ವರದಿಗಾಗಿ ಬೀದಿಗಿಳಿದ ಜನ ನಾವು. ಬೋರ್ಡಿಗೆ ಮಸಿ ಬಳಿಯುವುದು ಗೊತ್ತು, ನವೆಂಬರಿನಲ್ಲಿ ಬಾವುಟ ಹಾರಿಸುವುದು ಗೊತ್ತು. ಆದರೆ ಅಂಗಡಿಯಲ್ಲಿ ನಿಂತು "ಕನ್ನಡದ ಕೈಪಿಡಿ ಕೊಡಿ" ಎಂದು ಕೇಳಿದವರೆಷ್ಟು ಮಂದಿ? ಎದೆಗೆ ಕೈಯಿಟ್ಟು ಹೇಳಿ! ಕೆಲಸದ ಕೈಗೆ ಒದಗದ ಭಾಷೆ ಮೆರವಣಿಗೆಯ ರಥದ ಮೇಲೆ ಮಾತ್ರ ಉಳಿಯುತ್ತದೆ.

ನಮ್ಮ ಒತ್ತಾಯ ಇಷ್ಟೇ. ಕರ್ನಾಟಕದಲ್ಲಿ ತಯಾರಾದ ವಸ್ತುವಿಗಷ್ಟೇ ಅಲ್ಲ, ಕರ್ನಾಟಕದಲ್ಲಿ ಮಾರಾಟವಾಗುವ ಪ್ರತಿ ವಸ್ತುವಿಗೂ ಬಳಕೆಯ ಸೂಚನೆ ಕನ್ನಡದಲ್ಲಿ ಬರಲಿ. 2011ರ ನಿಯಮದಲ್ಲಿ ರಾಜ್ಯದ ಭಾಷೆಯನ್ನು ಕಡ್ಡಾಯ ಮಾಡುವಂತೆ ನಮ್ಮ ಸಂಸದರು ದೆಹಲಿಯಲ್ಲಿ ಬಾಯಿ ಬಿಡಲಿ.

ಅಲ್ಲಿಯವರೆಗೆ ಕಾಯಬೇಡಿ. ಈ ಪುಟವನ್ನು ಕತ್ತರಿಸಿ ನಿಮ್ಮೂರಿನ ಸೈಕಲ್ ಅಂಗಡಿಯ ಗೋಡೆಗೆ ಅಂಟಿಸಿ. ಸ್ಕ್ರೂಡ್ರೈವರ್ ಹಿಡಿದ ಕೈಗೆ ಕನ್ನಡ ಕಾಣಲಿ!