ಪೆಟ್ಟಿಗೆ ಒಬ್ಬರದು, ಹಾರುವ ದಾರಿ ಎಲ್ಲರದು

ಬೆಂಗಳೂರಿನ ದಕ್ಷಿಣ ಅಂಚಿನ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಮೇಲೆ ‘ಬೆಂಗಳೂರು’ ಎಂಬ ಹೆಸರಿನ ಅತ್ಯಂತ ಹಳೆಯ ಉಲ್ಲೇಖವಿದೆ. ಅದೂ ಒಂದು ಕಾಳಗದ ಸಂದರ್ಭದಲ್ಲಿ. ಕಲ್ಲಿನ ಮೇಲೆ ನಗರದ ಹೆಸರನ್ನು ಹೊತ್ತ ಆ ಗ್ರಾಮವನ್ನು 2007ರ ವಿಸ್ತರಣೆಯಲ್ಲಿ ಮಹಾನಗರವೇ ತನ್ನೊಳಗೆ ಸೇರಿಸಿಕೊಂಡಿತು. ಹೊಲ ತೋಪುಗಳಿದ್ದ ಕಡೆ ಬಡಾವಣೆಗಳೂ ವಸತಿ ಸಮುಚ್ಚಯಗಳೂ ಎದ್ದಿವೆ. 30–40 ಅಡಿಯ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಬದುಕುವ ಇಂತಹ ಊರುಗಳಲ್ಲಿ ಹೊಸ ಕಾಳಗ ಹುಟ್ಟಿಸಲು ಕತ್ತಿ ಗುರಾಣಿ ಬೇಕಿಲ್ಲ. ತಾರಸಿಯ ಮೂಲೆಯಲ್ಲಿ ಯೋಚನೆಯಿಲ್ಲದೆ ತಂದಿರಿಸಿದ ಒಂದು ಜೇನುಪೆಟ್ಟಿಗೆ ಸಾಕು.

ಇದು ನಗರದವರ ಜಗಳ, ಮಲೆನಾಡಿಗೆ ಇದರಿಂದೇನು ಎಂದು ಕೇಳುವವರಿರಬಹುದು. ಆದರೆ ಸಾಗರ, ಶಿರಸಿ, ಕೊಪ್ಪ, ಮಡಿಕೇರಿಗಳಿಂದ ಉದ್ಯೋಗಕ್ಕೆಂದು ಹೋಗಿ ಬೆಂಗಳೂರಿನಲ್ಲಿ ನೆಲೆಸಿದವರು ಊರಿನ ನೆನಪಿಗೆ ಬಯಸುವುದು ತುಡುವೆಯನ್ನು. ಆ ತುಡುವೆ ಹೋಗುವುದು ಬೆಟ್ಟದ ಪೊಟರೆಯಿಂದ, ತೋಟದಂಚಿನ ಪೆಟ್ಟಿಗೆಯಿಂದ. ಆದ್ದರಿಂದ ಪೆಟ್ಟಿಗೆಯನ್ನು ಬೇಗೂರಿನಲ್ಲಿ ಎಲ್ಲಿಡುತ್ತಾರೆ ಎಂಬ ಪ್ರಶ್ನೆ ಬೆಟ್ಟದ ಪ್ರಶ್ನೆಯೂ ಹೌದು.

ಜಾಗ ತಪ್ಪಿದರೆ ನಷ್ಟ ಯಾರಿಗೆ?

ತುಡುವೆಯ ಸ್ವಭಾವವನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಬಿಸಿಲು ಹೆಚ್ಚಾದರೆ, ಇರುವೆ ಮುತ್ತಿದರೆ, ಮೇಣದ ಹುಳು ಬಿದ್ದರೆ, ಪದೇ ಪದೇ ಮುಚ್ಚಳ ತೆರೆದು ಕಾಡಿದರೆ ಅದು ಎರಿಯನ್ನೂ ಮರಿಯನ್ನೂ ಬಿಟ್ಟು ಹೊರಟುಬಿಡುತ್ತದೆ. ಕಾದ ಕಾಂಕ್ರೀಟಿನ ತಾರಸಿಯ ಮೇಲೆ ನೆರಳಿಲ್ಲದೆ ಇಟ್ಟ ಪೆಟ್ಟಿಗೆ ಬೇಸಿಗೆಯಲ್ಲಿ ಖಾಲಿಯಾದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆಗ ಯಜಮಾನರು ಜಾಗವನ್ನು ಬದಲಿಸುವುದಿಲ್ಲ, ಊರಿಗೆ ಫೋನು ಮಾಡಿ ಮತ್ತೊಂದು ಕುಟುಂಬವನ್ನು ತರಿಸುತ್ತಾರೆ. ಹೂಕುಂಡ ಒಣಗಿದರೆ ಹೊಸ ಸಸಿ ತಂದಷ್ಟೇ ಹಗುರವಾಗಿ ಬೆಟ್ಟದಿಂದ ಒಂದು ಸಂಸಾರ ಕಡಿಮೆಯಾಗುತ್ತದೆ. ಇದನ್ನು ‘ಜೇನು ಸಂರಕ್ಷಣೆ’ ಎಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ.

ಕುಟುಂಬಗಳನ್ನು ಹೀಗೆ ಅತ್ತಿತ್ತ ಸಾಗಿಸುವುದರ ಅಪಾಯವನ್ನೂ ಮರೆಯುವಂತಿಲ್ಲ. 1991–92ರಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗವು ಕೇರಳ ಹಾಗೂ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಮರಿಗಳು ಎರಿಯಲ್ಲೇ ನೀರು ತುಂಬಿದ ಚೀಲಗಳಂತಾಗಿ ಸತ್ತವು. ಆಗ ಖಾಲಿಯಾದ ಪೆಟ್ಟಿಗೆಗಳು ಎಷ್ಟೋ ಮನೆಗಳ ಅಟ್ಟ ಸೇರಿದವು. ಅಂತಹ ಪೆಟ್ಟಿನಿಂದ ಚೇತರಿಸಿಕೊಂಡ ಜೀವಿಯನ್ನು ಪರೀಕ್ಷೆಯಿಲ್ಲದೆ ಬಸ್ಸಿನ ಡಿಕ್ಕಿಯಲ್ಲಿ ಕಳುಹಿಸುವುದು ವಿವೇಕವಲ್ಲ.

ಎಲ್ಲಿಡಬೇಕು?

ಜೇನುನೊಣ ತನ್ನ ಮನೆಯ ಸ್ಥಾನವನ್ನು ಸುತ್ತಲಿನ ಗುರುತುಗಳಿಂದ ಕಲಿತಿರುತ್ತದೆ. ಜಗಳವಾದ ಮೇಲೆ ಪೆಟ್ಟಿಗೆಯನ್ನು ಹತ್ತಿಪ್ಪತ್ತು ಮೀಟರು ಸರಿಸಿದರೆ, ಹೊರಹೋದ ನೊಣಗಳು ಹಳೆಯ ಜಾಗದಲ್ಲಿಯೇ ಸುತ್ತುತ್ತಾ ಉಳಿಯುತ್ತವೆ. ಆದಕಾರಣ ಸ್ಥಳದ ನಿರ್ಣಯ ಪೆಟ್ಟಿಗೆ ಬರುವುದಕ್ಕೆ ಮೊದಲೇ ಆಗಬೇಕು.

ಮೊದಲನೆಯದು ಹಾರುವ ದಾರಿ. ಗೂಡಿನ ಬಾಗಿಲು ನೆರೆಮನೆಯ ಕಿಟಕಿ, ಓಣಿ, ಮಕ್ಕಳ ಆಟದ ಜಾಗ, ದನ ಕಟ್ಟುವ ಜಾಗಗಳತ್ತ ಇರಕೂಡದು. ಬಾಗಿಲ ಮುಂದೆ ಒಂದೆರಡು ಮೀಟರು ಅಂತರದಲ್ಲಿ ಆಳೆತ್ತರಕ್ಕೂ ಮೀರಿದ ಬೇಲಿಯೋ ಬಿದಿರಿನ ತಟ್ಟಿಯೋ ಇದ್ದರೆ ನೊಣಗಳು ಹೊರಟೊಡನೆ ಮೇಲೇರಿ ಜನರ ತಲೆಯ ಮೇಲಿನಿಂದ ಸಾಗುತ್ತವೆ. ತಾರಸಿಯ ಎತ್ತರ ಈ ದೃಷ್ಟಿಯಿಂದ ಅನುಕೂಲವೇ; ಆದರೆ ಪಕ್ಕದ ತಾರಸಿ ಅದೇ ಎತ್ತರದಲ್ಲಿದ್ದು, ಅಲ್ಲಿ ಬಟ್ಟೆ ಒಣಗಿಸುತ್ತಿದ್ದರೆ ಆ ಅನುಕೂಲ ಅಲ್ಲಿಗೇ ಮುಗಿಯಿತು. ನೊಣಗಳು ಹಾರುತ್ತಲೇ ಮಲ ವಿಸರ್ಜಿಸುವುದರಿಂದ ಬಿಳಿಯ ಬಟ್ಟೆಯ ಮೇಲೆ ಬೀಳುವ ಹಳದಿ ಚುಕ್ಕೆಗಳೂ ನೆರೆಯವರ ಪಾಲಿಗೆ ನಿಜವಾದ ತೊಂದರೆಯೇ.

ಎರಡನೆಯದು ನೀರು. ಗೂಡಿನ ಬಳಿ ನೀರಿಲ್ಲದಿದ್ದರೆ ಜೇನು ನೆರೆಮನೆಯ ತೊಟ್ಟಿಕ್ಕುವ ನಲ್ಲಿಗೆ, ಪಾತ್ರೆ ತೊಳೆಯುವ ಕಟ್ಟೆಗೆ ಹೋಗುತ್ತದೆ. ಒಮ್ಮೆ ರೂಢಿಯಾದ ಮೇಲೆ ಬಿಡಿಸುವುದು ಕಷ್ಟ. ಬೆಣಚುಕಲ್ಲು ತುಂಬಿದ ಅಗಲವಾದ ನೀರಿನ ತಟ್ಟೆ ಪೆಟ್ಟಿಗೆಗಿಂತ ಮುಂಚೆಯೇ ಸಿದ್ಧವಾಗಿರಬೇಕು.

ಮೂರನೆಯದು ನೆರಳು ಮತ್ತು ನಿಲುವು. ಬೆಳಗಿನ ಎಳೆ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ, ಬಿರುಗಾಳಿಯಿಲ್ಲದ ಜಾಗ ಉತ್ತಮ. ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಿನಲ್ಲಿದ್ದರೆ ಇರುವೆ ಏರದು. ತಪಾಸಣೆಯನ್ನು ಬಿಸಿಲಿರುವ ಬೆಳಗಿನ ಹೊತ್ತಿನಲ್ಲಿ, ನೆರೆಯವರು ಹೊರಗಿಲ್ಲದಾಗ ಮಾಡಬೇಕು. ಮುಸ್ಸಂಜೆಯಲ್ಲಿ ಕೆರಳಿಸಿದ ಗೂಡು ಇಡೀ ಓಣಿಯ ಸಮಸ್ಯೆ. ಒಂದು ನೊಣ ಚುಚ್ಚಿದಾಗ ಹೊಮ್ಮುವ ವಾಸನೆ ಉಳಿದವನ್ನೂ ಅದೇ ಜಾಗಕ್ಕೆ ಕರೆಯುತ್ತದೆ.

ಕೊನೆಯದು, ಆದರೆ ಎಲ್ಲಕ್ಕಿಂತ ಮುಖ್ಯವಾದುದು, ಒಪ್ಪಿಗೆ. ನೆರೆಯಲ್ಲಿ ಜೇನಿನ ಕಡಿತದ ತೀವ್ರ ಅಲರ್ಜಿಯಿರುವವರು ಇದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಅಂತಹವರಿಗೆ ಒಂದೇ ಕಡಿತ ಪ್ರಾಣಾಪಾಯ ತರಬಲ್ಲದು. ಅಂತಹ ಮನೆಯ ಪಕ್ಕದಲ್ಲಿ ಪೆಟ್ಟಿಗೆಗೆ ಜಾಗವೇ ಇಲ್ಲ. ವರ್ಷಕ್ಕೊಮ್ಮೆ ಕೊಡುವ ಜೇನಿನ ಬಾಟಲಿ ಅದಕ್ಕೆ ಪರಿಹಾರವಾಗದು.

ಎರಡು ಪೊಳ್ಳು ವಾದಗಳು

‘ನನ್ನ ಮನೆ, ನನ್ನ ತಾರಸಿ, ನನ್ನ ಪೆಟ್ಟಿಗೆ’ ಎನ್ನುವವರಿದ್ದಾರೆ. ತುಡುವೆ ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಸುತ್ತಳತೆಯೊಳಗೆ ಮೇಯುತ್ತದೆ. ಈ ಸುತ್ತಳತೆಯೊಳಗಿನ ಹೊಂಗೆ, ತೆಂಗು, ನೇರಳೆ, ಕೆರೆಯಂಚಿನ ಕಳೆಗಿಡಗಳಲ್ಲಿ ಯಜಮಾನರದೆಂಬುದು ಎಷ್ಟಿದೆ? ಜೇನು ಊರಿನ ಹೂವಿನಿಂದ ಬರುತ್ತದೆ. ಚುಚ್ಚುವ ಮುಳ್ಳೂ ಊರಿನವರಿಗೇ ಸಿಗುತ್ತದೆ. ಹಾಗಿರುವಾಗ ಸ್ಥಳದ ನಿರ್ಧಾರ ಮಾತ್ರ ಒಬ್ಬರದೇ ಹೇಗಾದೀತು? ಪರಾಗಸ್ಪರ್ಶದ ಹೆಸರು ಹೇಳಿ ನೆರೆಹೊರೆಯನ್ನು ಕಡೆಗಣಿಸುವ ಪರಿಸರಪ್ರೇಮ ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆಯ ಹೊಸ ರೂಪವಷ್ಟೇ.

ಇದಕ್ಕೆ ಎದುರಾಗಿ ‘ಜನವಸತಿಯಲ್ಲಿ ಜೇನೇ ಬೇಡ’ ಎನ್ನುವವರಿದ್ದಾರೆ. ಕಟ್ಟಡದ ಸಜ್ಜದ ಕೆಳಗೆ ತಾನಾಗಿ ಬಂದು ಕೂತ ಹೆಜ್ಜೇನಿಗೆ ರಾತ್ರಿ ವಿಷ ಹೊಡೆಸಿ, ಬೆಳಿಗ್ಗೆ ರಾಶಿರಾಶಿ ನೊಣಗಳನ್ನು ಗುಡಿಸಿ ಎಸೆಯುವ ಪರಿಪಾಠ ಬೆಂಗಳೂರಿನಲ್ಲಿ ಬೆಳೆದಿದೆ. ಹೆಜ್ಜೇನು, ಕೋಲ್ಜೇನು, ತುಡುವೆ, ಮುಜಂಟಿಗಳ ನಡುವಿನ ಭೇದವನ್ನೂ ಈ ವಿಷ ಅರಿಯದು. ಮುಜಂಟಿಗೆ ಚುಚ್ಚುವ ಮುಳ್ಳೇ ಇಲ್ಲ. ಇಕ್ಕಟ್ಟಿನ ಬಾಲ್ಕನಿಗೆ ಅದೇ ಯೋಗ್ಯ ಎಂಬುದನ್ನು ಯೋಚಿಸುವ ತಾಳ್ಮೆಯೂ ಈ ವಾದಕ್ಕಿಲ್ಲ. ಆದರೆ ಒಂದು ಮಾತನ್ನು ಒಪ್ಪಲೇಬೇಕು: ತಪ್ಪು ಜಾಗದಲ್ಲಿಟ್ಟ ಪ್ರತಿಯೊಂದು ಪೆಟ್ಟಿಗೆಯೂ ಈ ವಿಷದ ಪರವಾಗಿ ಸಾಕ್ಷಿ ನುಡಿಯುತ್ತದೆ. ಪೆಟ್ಟಿಗೆಯ ಜೇನಿಗೆ ಹೆದರಿದ ಬೀದಿ ಮರದ ಮೇಲಿನ ಜೇನನ್ನೂ ಉಳಿಸುವುದಿಲ್ಲ.

ಪೆಟ್ಟಿಗೆ ಹಂಚುವ ಯೋಜನೆಗಳಿಗೆ ಕೊರತೆಯಿಲ್ಲ. ಎಷ್ಟು ಪೆಟ್ಟಿಗೆ ಹಂಚಲಾಯಿತು ಎಂಬ ಲೆಕ್ಕದ ಜೊತೆಗೆ, ವರ್ಷ ಕಳೆದ ಮೇಲೆ ಎಷ್ಟರಲ್ಲಿ ನೊಣವಿದೆ ಎಂಬ ಲೆಕ್ಕವನ್ನೂ ಜನ ಕೇಳಬೇಕು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿಯೇ ಈ ಎಣಿಕೆಯನ್ನು ಆರಂಭಿಸಬಹುದು; ಅದಕ್ಕೆ ಪ್ರಯೋಗಾಲಯ ಬೇಡ, ನೋಟುಪುಸ್ತಕ ಸಾಕು.

ಜೇನು ಕುಟುಂಬವನ್ನು ಮಾರುವ ಇಲ್ಲವೇ ನೆಂಟರಿಗೆ ಕಳುಹಿಸುವ ಮಲೆನಾಡಿನ ರೈತರ ಕೈಯಲ್ಲಿಯೂ ಒಂದು ಅಧಿಕಾರವಿದೆ. ಬೆಲೆ ಕೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಲಿ: ಬಾಗಿಲು ಯಾವ ಕಡೆಗೆ? ನೀರು ಎಲ್ಲಿ? ನೆರಳು ಎಷ್ಟು ಹೊತ್ತು? ನೆರೆಯವರು ಒಪ್ಪಿದ್ದಾರೆಯೇ? ಉತ್ತರ ಸಿಗದ ಕಡೆಗೆ ಪೆಟ್ಟಿಗೆ ಘಟ್ಟ ದಾಟಬಾರದು.