ಸೀಟು ಸಿಕ್ಕಿತು, ನಕ್ಷೆ ಯಾರ ಕೈಯಲ್ಲಿದೆ?



1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಗಣಿಯ ಆಳಕ್ಕಿಳಿದು ಬಂಡೆ ಒಡೆದವರಲ್ಲಿ ಹೆಚ್ಚಿನವರು ದಲಿತರು. ಬೆವರು ನಮ್ಮದು, ನಕ್ಷೆ ಇನ್ನೊಬ್ಬರದು. ಇವತ್ತು ಅದೇ ಕರೆಂಟಿನ ಶಾಸ್ತ್ರ ಓದುವ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸೀಟು ನಮ್ಮ ಹಾಸ್ಟೆಲಿನ ಹುಡುಗ ಹುಡುಗಿಯರ ಕೈಗೂ ಬಂದಿದೆ. ಆದರೆ ಆ ನಾಲ್ಕು ವರ್ಷದ ಓದಿನ ನಕ್ಷೆ?

ಅಪ್ಪ ಇಂಜಿನಿಯರು, ಚಿಕ್ಕಪ್ಪ ಪ್ರೊಫೆಸರು ಆಗಿರೋ ಮನೆಯ ಹುಡುಗನಿಗೆ ಊಟಕ್ಕೆ ಕೂತಲ್ಲೇ ಎಲ್ಲ ಗೊತ್ತಾಗುತ್ತೆ. ಯಾವ ಸಬ್ಜೆಕ್ಟ್ ಯಾವುದಕ್ಕೆ ಬುನಾದಿ, ಯಾವ ಎಲೆಕ್ಟಿವ್ ಯಾವ ಕೆಲಸಕ್ಕೆ ದಾರಿ, ಎಲ್ಲ. ಇದು ಬುದ್ಧಿಯಲ್ಲ, ಪಿತ್ರಾರ್ಜಿತ ಆಸ್ತಿ. ಅದಕ್ಕೇ ಅವರು ಮೆರಿಟ್ ಅಂತ ಹೆಸರಿಟ್ಟಿದ್ದಾರೆ. ನಮಗೆ ಸಿಗೋದು ಬರೀ ಕನಿಕರ: "ನೀವು ಈಸಿ ಎಲೆಕ್ಟಿವ್ ತಗೊಳ್ರಪ್ಪಾ, ಪಾಸಾದ್ರೆ ಸಾಕಲ್ವಾ?" ಈ ಕನಿಕರಕ್ಕೆ ಧಿಕ್ಕಾರ!

ಈಸಿ ದಾರಿ ಎಲ್ಲಿಗೆ ಹೋಗುತ್ತೆ ನೋಡಿ. ಮೊದಲ ವರ್ಷದ ಗಣಿತವನ್ನು "ಆಮೇಲೆ ನೋಡ್ಕೊಳ್ಳೋಣ" ಅಂತ ಬಿಡುತ್ತೇವೆ. ಆದರೆ ಇಂಡಕ್ಟರ್, ಕೆಪಾಸಿಟರ್ ಇರುವ ಸರ್ಕ್ಯೂಟಿಗೆ ಸ್ವಿಚ್ ಒತ್ತಿದ ಗಳಿಗೆ ಏನಾಗುತ್ತದೆ ಅನ್ನೋದೇ ಡಿಫರೆನ್ಷಿಯಲ್ ಇಕ್ವೇಷನ್. ಎಸಿ ಸರ್ಕ್ಯೂಟ್ ಅಂದರೆ ಕಾಂಪ್ಲೆಕ್ಸ್ ಸಂಖ್ಯೆ. ಲಾಪ್ಲಾಸ್ ಬಾರದವನಿಗೆ ಕಂಟ್ರೋಲ್ ಸಿಸ್ಟಮ್ಸ್ ಬರೀ ಬಾಯಿಪಾಠದ ಮಂತ್ರ. ಟ್ರಾನ್ಸ್‌ಫಾರ್ಮರ್ ತಿಳಿಯದೆ ಇಂಡಕ್ಷನ್ ಮೋಟರ್ ತಿಳಿಯದು. ಅದು ಒಂದು ರೀತಿ ತಿರುಗುವ ಟ್ರಾನ್ಸ್‌ಫಾರ್ಮರೇ. ಪವರ್ ಸಿಸ್ಟಮ್ಸಿನ ಲೋಡ್ ಫ್ಲೋ ಬಿಡಿಸಲು ಮ್ಯಾಟ್ರಿಕ್ಸ್ ಬೇಕೇ ಬೇಕು. ಮೊದಲ ವರ್ಷ ಬಿಟ್ಟ ಸಾಲ ಮೂರನೇ ವರ್ಷ ಬಡ್ಡಿ ಸಮೇತ ಬಾಗಿಲಿಗೆ ಬರುತ್ತದೆ. ಜೀತದ ಸಾಲ ಹೇಗೆ ಬೆಳೆಯುತ್ತದೆ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾ?

ಲೆಕ್ಕವನ್ನೂ ಹಾಕಿ. ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ ಪದವಿಗೆ 160 ಕ್ರೆಡಿಟ್ ಇಟ್ಟಿತು. ಎಂಟು ಸೆಮಿಸ್ಟರಿಗೆ ಹಂಚಿದರೆ ಸರಾಸರಿ 20. ನಾಲ್ಕು ಕ್ರೆಡಿಟಿನ ಒಂದು ಸಬ್ಜೆಕ್ಟ್ ಹೋದರೆ ಮುಂದಿನ ಹೊರೆ 24, ಎರಡು ಹೋದರೆ 28. ಹೊರೆ ಹೊತ್ತವನು ಕುಸಿದ ದಿನ "ಇವರಿಗ್ಯಾಕ್ರೀ ಇಂಜಿನಿಯರಿಂಗು" ಅನ್ನಲು ಜನ ಕಾಯ್ತಾ ಕೂತಿದ್ದಾರೆ. ವರ್ಷ ನಿಂತರೆ ಊರಲ್ಲಿ ಕೂಲಿಗೆ ಹೋಗೋ ಅವ್ವನಿಗೆ ಏನು ಹೇಳ್ತೀರಿ?

ತಪ್ಪು ನಮ್ಮಲ್ಲೂ ಇದೆ, ಮುಚ್ಚಿಡಬೇಕಾಗಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಜೆರಾಕ್ಸ್ ನೋಟ್ಸಿಗೆ ಅಲೆಯುವವರು ನಾವು. ಲ್ಯಾಬಿನಲ್ಲಿ ವೈರು ಮುಟ್ಟದೆ ಹಿಂದೆ ನಿಂತು ರೀಡಿಂಗ್ ಬರೆದುಕೊಳ್ಳುವವರೂ ನಾವು. ಯಾಕೆ ಹಿಂದೆ ನಿಲ್ಲಬೇಕು? ಮುಟ್ಟಬೇಡಿ ಅನ್ನಿಸಿಕೊಂಡ ಕಾಲವನ್ನು ಲ್ಯಾಬಿನೊಳಗೂ ಹೊತ್ತುಕೊಂಡು ಹೋಗಬೇಕಾ?

ಹಾಗಾದರೆ ಏನು ಮಾಡೋಣ? ಈ ಭಾನುವಾರವೇ ಒಂದು ದೊಡ್ಡ ಹಾಳೆ ತಗೊಳ್ಳಿ. ಎಂಟು ಮನೆ ಗೆರೆ ಎಳೆಯಿರಿ. ಸಿಲಬಸ್ ನೋಡಿ ಪ್ರತಿ ಸಬ್ಜೆಕ್ಟನ್ನೂ ಅದರ ಮನೆಯಲ್ಲಿ ಬರೆದು, ಯಾವುದಕ್ಕೆ ಯಾವುದು ಬುನಾದಿಯೋ ಬಾಣ ಹಾಕಿ. ಅತಿ ಹೆಚ್ಚು ಬಾಣ ಹೊರಡುವ ಸಬ್ಜೆಕ್ಟಿಗೆ ಅತಿ ಹೆಚ್ಚು ಸಮಯ ಕೊಡಿ. ಹಳೇ ಬಾಕಿಯಲ್ಲಿ ಮೊದಲು ಗಣಿತ ತೀರಿಸಿ. ಎಲೆಕ್ಟಿವ್ ಆರಿಸುವಾಗ ಕೊನೆಯಿಂದ ಹಿಂದಕ್ಕೆ ಬನ್ನಿ: ಸೋಲಾರ್, ಎಲೆಕ್ಟ್ರಿಕ್ ಗಾಡಿ ಕಡೆ ಹೋಗೋರಿಗೆ ಪವರ್ ಎಲೆಕ್ಟ್ರಾನಿಕ್ಸ್ ಬೇಕು, ಗ್ರಿಡ್, ಸಬ್‌ಸ್ಟೇಷನ್ ಕಡೆ ಹೋಗೋರಿಗೆ ಪವರ್ ಸಿಸ್ಟಮ್ಸ್, ಪ್ರೊಟೆಕ್ಷನ್ ಬೇಕು. ಸೀನಿಯರ್‌ಗಳೇ, ನಿಮ್ಮ ಹಾಳೆಯನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿ. ನೀವು ಎಡವಿದ ಜಾಗವನ್ನು ಕೆಂಪು ಇಂಕಿನಲ್ಲಿ ಗುರುತು ಮಾಡಿ. ನಮಗೆ ಇಂಜಿನಿಯರ್ ಚಿಕ್ಕಪ್ಪ ಇಲ್ಲದಿದ್ದರೆ ಹಾಸ್ಟೆಲೇ ಚಿಕ್ಕಪ್ಪನಾಗಲಿ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಲಿಯಲ್ಲಿದ್ದಾಗ ಕಾರ್ಮಿಕ ಖಾತೆಯ ಜೊತೆಗೆ ವಿದ್ಯುತ್, ನೀರಾವರಿಯ ಹೊಣೆಯನ್ನೂ ಹೊತ್ತಿದ್ದರು. ಅಗ್ಗದ, ಹೇರಳವಾದ ವಿದ್ಯುತ್ ಇಲ್ಲದೆ ಕೈಗಾರಿಕೆ ಬೆಳೆಯದು, ಬಡತನ ಅಳಿಯದು ಎಂದು ವಾದಿಸಿದರು. ಇಡೀ ದೇಶದ ಕರೆಂಟಿಗೆ ಯೋಜನೆ ಹಾಕಿದವರ ಮಕ್ಕಳು ನಾವು. ನಮ್ಮ ಎಂಟು ಸೆಮಿಸ್ಟರಿಗೆ ಯೋಜನೆ ಹಾಕಲು ನಮಗಾಗದೇ?

ಸೀಟು ಹೋರಾಟದಿಂದ ಬಂತು. ನಕ್ಷೆಯನ್ನು ಯಾರೂ ದಾನ ಕೊಡುವುದಿಲ್ಲ. ಪೆನ್ನು ತಗೊಳ್ಳಿ.